ಬೀಗದಣ್ಣನ ಮನೆಯ ಇನ್ನೊಂದು ಬಾಗಿಲು

ಹೊಸ ಬೀಗ ಕೂರಿಸಿದ ಮೇಲೆ ಬೀಗದಣ್ಣ ಮನೆಯವರನ್ನೆಲ್ಲ ಒಳಗೆ ಬಿಟ್ಟು, ತಾನೊಬ್ಬ ಹೊರಗೆ ನಿಂತು ಬಾಗಿಲು ಎಳೆದುಕೊಳ್ಳುತ್ತಿದ್ದ. ಕೊಡಬೇಕಾದ ಕೀಲಿಗಳನ್ನೆಲ್ಲ ಒಂದೊಂದಾಗಿ ಹಾಕಿ, ತಿರುಗಿಸಿ, ತೆರೆದು, ಮತ್ತೆ ಎಳೆದು, ಮತ್ತೆ ತೆರೆದು, ಆಮೇಲೆಯೇ ಕೂಲಿಗೆ ಕೈ ಚಾಚುತ್ತಿದ್ದ. ಅವಸರದ ಗಿರಾಕಿಗಳು ಗೊಣಗುತ್ತಿದ್ದರು. ಒಳಗಿನಿಂದ ನೋಡಿದ್ದಾಯಿತಲ್ಲ, ಸರಿಯಾಗೇ ಇದೆಯಲ್ಲ ಎಂದರೆ ಅವನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

“ಒಳಗಿಂದ ಚಿಲಕ ತೆಗೆಯೋಕೆ ನಿಮ್ಮನೆ ಬೆಕ್ಕಿಗೂ ಬರುತ್ತೆ ಸ್ವಾಮಿ. ಅದಕ್ಕೆ ನನ್ನನ್ನ ಯಾಕೆ ಕರೆಸಿದ್ರಿ?”

ಗೊಣಗಿದವರೂ ನಕ್ಕುಬಿಡುತ್ತಿದ್ದರು. ನಗದೆ ಇನ್ನೇನು ಮಾಡಿಯಾರು, ಕೀಲಿಗೊಂಚಲು ಹೊರಗೆ ನಿಂತವನ ಕೈಯಲ್ಲಿತ್ತು.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ರಸ್ತೆಯ ಕಡೆಗೆ ಶಟರ್, ಹಿಂದೆ ಒಂದು ಪರದೆ, ಪರದೆಯಾಚೆ ಸಂಸಾರ. ಮನೆಯ ಬಾಗಿಲು ಪಕ್ಕದ ಓಣಿಗೆ. ಅಂಗಡಿಯ ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಲಿಗಳು ಮೊಳೆಗೆ ನೇತುಬಿದ್ದಿದ್ದವು. ಹಿತ್ತಾಳೆಯ ಪುಡಿ ಅವನ ಬೆರಳ ಗೆರೆಗಳಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಕೈ ತೊಳೆದ ನೀರೂ ಮಿನುಗುತ್ತಿತ್ತು. ಗಿರಾಕಿಯ ಮುಂದೆ ಅರಳು ಹುರಿದ ಹಾಗೆ ಮಾತು. ಪರದೆ ದಾಟಿದರೆ ಬಾಯಿಗೂ ಬೀಗ. ಮನೆಯವರ ಜೊತೆ ಆಡುವ ಮಾತಿಗೆ ಯಾರೂ ಕೂಲಿ ಕೊಡುವುದಿಲ್ಲವೆಂದು ಅವನು ಎಂದೋ ತೀರ್ಮಾನಿಸಿದಂತಿತ್ತು.

ಇದ್ದವಳು ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಪರದೆಯ ಸಂದಿಯಿಂದ ಅಂಗಡಿಗೆ ಇಣುಕುತ್ತಿದ್ದಳು, ಬಾಗಿಲ ಕೀಲಿಕಂಡಿಯಿಂದ ಓಣಿಗೆ ಇಣುಕುತ್ತಿದ್ದಳು, ಪಕ್ಕದ ಮನೆಯವರ ಜಗಳಕ್ಕಂತೂ ಕುರ್ಚಿ ಹಾಕಿಕೊಂಡು ಇಣುಕುತ್ತಿದ್ದಳು. ಹಾಗಾಗಿ ಶಾಲೆಯಲ್ಲಿ ಬರೆಸಿದ ಹೆಸರು ಏನೇ ಇರಲಿ, ತಾಯಿ ಕರೆಯುತ್ತಿದ್ದದ್ದು ಇಣುಕಿ ಎಂದೇ. ಕಂಪ್ಯೂಟರ್ ಓದಿಕೊಂಡ ಮೇಲೆ ಇಣುಕಿಗೆ ಅಪ್ಪನ ಅಂಗಡಿಗೊಂದು ವೆಬ್‌ಸೈಟ್ ಮಾಡುವ ಹುಚ್ಚು ಹತ್ತಿತು. ಅದನ್ನು ಇಡಲು ಬಾಡಿಗೆ ಜಾಗ ಸಿಗುತ್ತದಂತೆ ಎಂದು ಬೀಗದಣ್ಣನಿಗೆ ತಿಳಿದದ್ದೇ ತಡ, ಅವನು ಅಡ್ಡಡ್ಡ ತಲೆಯಾಡಿಸಿಬಿಟ್ಟ.

“ಇನ್ನೊಬ್ಬರ ಮನೇಲಿ ನಮ್ಮ ಅಂಗಡಿ ಯಾಕೆ? ಅವರ ಹತ್ರಾನೂ ಒಂದು ಕೀ ಇದ್ದೇ ಇರುತ್ತೆ.”

ಅವಳಿಗೆ ಬೇಕಾಗಿದ್ದದ್ದೂ ಅದೇ. ಯಾರೋ ಎಸೆಯಲಿದ್ದ ಹಳೆಯ ಕಂಪ್ಯೂಟರೊಂದನ್ನು ತಂದು, ಅಮ್ಮನ ಮಂಚದ ಕೆಳಗೆ ತಳ್ಳಿ, ವೆಬ್‌ಸೈಟನ್ನು ಅದರೊಳಗೇ ಕೂರಿಸಿದಳು. ಲೋಕದ ಯಾವ ಮೂಲೆಯಲ್ಲಿ ಯಾರು ಅಂಗಡಿಯ ಹೆಸರು ಹೊಡೆದರೂ ಅವರು ಇಂಟರ್ನೆಟ್ ದಾಟಿ ಬಂದು, ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯ ಕದ ತಟ್ಟಿ, ಅದು ತೋರಿಸಿದ ದಾರಿಯಲ್ಲಿ ಮಂಚದ ಕೆಳಗೆ ಬರಬೇಕು. ಮಗಳು ಇದನ್ನೆಲ್ಲ ವಿವರಿಸಿದಾಗ ತಾಯಿ ಗಾಬರಿಯಾದಳು.

“ಊರೋರೆಲ್ಲ ನನ್ನ ಮಂಚದ ಕೆಳಗೆ ಬರ್ತಾರಾ? ಕಸ ಗುಡಿಸಿಲ್ವಲ್ಲೇ!”

ಪುಟದಲ್ಲಿ ಅಂಗಡಿಯ ಫೋಟೋ, ಬೀಗಗಳ ಫೋಟೋ, ತೀರ ತಳದಲ್ಲಿ ಪುಟ ಎಷ್ಟು ಸಲ ತೆರೆಯಿತೆಂದು ಹೇಳುವ ಒಂದು ಪುಟ್ಟ ಎಣಿಕೆ. ಅದರಿಂದ ವ್ಯಾಪಾರವೇನೂ ಕುದುರಲಿಲ್ಲ. ಬೀಗ ಕೆಟ್ಟವನು ಪಕ್ಕದ ಬೀದಿಯಲ್ಲಿ ವಿಚಾರಿಸುತ್ತಾನೆಯೇ ಹೊರತು ಲೋಕವನ್ನೆಲ್ಲ ಕೇಳುತ್ತ ಕೂರುವುದಿಲ್ಲ.

ಇಣುಕಿ ಕೆಲಸಕ್ಕೆ ಸೇರಿದ ಮೇಲೆ ಮನೆಗೆ ಬರುವ ಹೊತ್ತು ಜಾರತೊಡಗಿತು. ಶಟರ್ ಎಳೆಯುವ ಹೊತ್ತಿಗೆ ಎಲ್ಲರೂ ಒಳಗಿರಬೇಕೆಂಬುದು ಬೀಗದಣ್ಣನ ಕಾಯಿದೆ. ಬೈದ. ಮತ್ತೆ ಬೈದ. ಅವಳು ನಗುತ್ತ, “ಏನ್ ಮಾಡ್ತೀಯಪ್ಪಾ, ಬೀಗ ಬದಲಾಯಿಸ್ತೀಯಾ?” ಎಂದಳು. ಅದು ತಮಾಷೆಯೆಂದು ಬೇರೆ ಯಾವ ಅಪ್ಪನಿಗಾದರೂ ತಿಳಿಯುತ್ತಿತ್ತು. ಬೀಗದಣ್ಣನ ಕಿವಿಗೆ ಆರ್ಡರ್ ಕೊಟ್ಟ ಹಾಗೆ ಕೇಳಿಸಿತು.

ಮರುದಿನ ಅವಳು ಬಂದಾಗ ಕೀಲಿ ಹೊರಳಲಿಲ್ಲ. ಬೀಗದಣ್ಣ ಬಾಗಿಲಿಗೆ ಒತ್ತಿಕೊಂಡೇ ಒಳಗೆ ನಿಂತಿದ್ದ. ಕೀಲಿ ಹೊಕ್ಕದ್ದು, ತಿಣುಕಿದ್ದು, ಹೊರಬಂದದ್ದು, ಮತ್ತೆ ಹೊಕ್ಕದ್ದು ಎಲ್ಲವನ್ನೂ ಕೇಳಿಸಿಕೊಂಡ. ಒಂದು ಸಲ ಕದ ತಟ್ಟಲಿ, ಅಪ್ಪಾ ಎನ್ನಲಿ, ತೆರೆದರಾಯಿತು ಎಂದು ಕಾದ. ಅವಳು ತಟ್ಟಲಿಲ್ಲ. ಅಪ್ಪನ ಮಗಳೇ ತಾನೆ. ಚಪ್ಪಲಿಯ ಸದ್ದು ಓಣಿಯ ತಿರುವಿನವರೆಗೂ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ಅವಳ ಫೋನ್ ನಂಬರು ಬದಲಾಯಿತು. ಬೇರೆ ಊರಲ್ಲಿ ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳೆ ಎಂದು ಒಬ್ಬ ಗೆಳತಿ ಹೇಳಿದಳು. ಅದಕ್ಕಿಂತ ಹೆಚ್ಚು ಹೇಳಬಾರದೆಂದು ಅವಳಿಗೆ ಅಪ್ಪಣೆಯಾಗಿತ್ತು. ಕೆಲವು ದಿನಕ್ಕೆ ಆ ಗೆಳತಿಯೂ ಊರು ಬಿಟ್ಟಳು. ವಾರ ಕಳೆಯುವುದರೊಳಗೆ ಹಳೆಯ ಬೀಗ ಬಾಗಿಲಿಗೆ ಮರಳಿತು. ಹೆಂಡತಿ ಒಂದು ಮಾತೂ ಬೈದಿರಲಿಲ್ಲ. ಒಲೆ ಹಚ್ಚಿರಲಿಲ್ಲ, ಅಷ್ಟೆ. ಆದರೆ ಬೀಗ ಮರಳಿದ್ದನ್ನು ಬಾಗಿಲು ತಾನಾಗಿ ಯಾರಿಗೂ ಸಾರಿ ಹೇಳುವುದಿಲ್ಲ. ಹೀಗೇ ವರ್ಷಗಳು ಉರುಳಿದವು.

ಹೆಂಡತಿಗೆ ಹೊಟ್ಟೆಯೊಳಗೆ ಕಾಯಿಲೆಯೆಂದು ಗೊತ್ತಾದದ್ದು ಆಮೇಲೆ. ಆಸ್ಪತ್ರೆಯ ಡಾಕ್ಟರು ಮೊದಮೊದಲು ಉದ್ದುದ್ದ ಮಾತಾಡುತ್ತಿದ್ದವರು ಬರಬರುತ್ತ ಚುಟುಕಾದರು. ಆಗ ಅವಳು ಮಗಳು ಬಿಟ್ಟುಹೋಗಿದ್ದ ಲ್ಯಾಪ್‌ಟಾಪನ್ನು ಮಂಚಕ್ಕೆ ತರಿಸಿಕೊಂಡಳು. ವೆಬ್‌ಸೈಟಿನಲ್ಲಿ ಎರಡು ಸಾಲು ಬರೆಯುವುದನ್ನು ಇಣುಕಿ ಎಂದೋ ಕಲಿಸಿದ್ದಳು.

“ಅವಳು ಫೋನ್ ಮಾಡೋಳಲ್ಲ ರೀ. ಆದ್ರೆ ಇಣುಕದೇ ಇರೋಳೂ ಅಲ್ಲ” ಎಂದು ಗಂಡನಿಗೆ ಹೇಳಿದಳು.

ಬೀಗಗಳ ಫೋಟೋದ ಮೇಲೆ ಅವಳು ಬರೆದ ಮೊದಲ ಸಾಲು: ‘ಹಳೇ ಬೀಗ ಮತ್ತೆ ಹಾಕಿಸಿದ್ದೀನಿ. ನಿನ್ನ ಹತ್ರ ಇರೋ ಕೀ ಹಿಡಿಯುತ್ತೆ.’ ಕಾಯಿಲೆಯ ವಿಷಯ ಬರೆ ಎಂದ ಬೀಗದಣ್ಣ. ಅವಳಿಗೆ ಸಿಟ್ಟು ಬಂತು. “ಸಾಯ್ತಿದ್ದೀನಿ ಬಾ ಅಂತ ಅಂಗಲಾಚ್ಲಾ? ಬೀಗ ನೋಡಿ ಬರ್ಲಿ, ಸಾಕು.”

ಎಣಿಕೆ ಏರಿತು. ತಾನು ತೆರೆದದ್ದು ಒಂದೇ ಸಲ, ಏರಿದ್ದು ಅದಕ್ಕಿಂತ ಹೆಚ್ಚು. ಅವಳು ಹಾಸಿಗೆಯ ಮೇಲೆ ಎದ್ದು ಕುಳಿತು, ಅಂದು ತಟ್ಟೆಯಲ್ಲಿ ಹಾಕಿದ್ದನ್ನು ಪೂರ್ತಿ ಉಂಡಳು.

ಅದಾದ ಸ್ವಲ್ಪ ದಿನಕ್ಕೆ ಒಂದು ಸಿಡಿಲು ಬಡಿದು ವೈಫೈ ಪೆಟ್ಟಿಗೆ ಸುಟ್ಟಿತು. ಇಂಟರ್ನೆಟ್ ಕಂಪನಿಯವರು ಹೊಸ ಪೆಟ್ಟಿಗೆ ತಂದು ಗೋಡೆಗೆ ಹೊಡೆದು ಹೋದರು. ಈಗ ಅಂಗಡಿಯ ಮೇಜಿನ ಮೇಲಿನ ಕಂಪ್ಯೂಟರಿನಲ್ಲಾಗಲಿ ಹೆಂಡತಿಯ ಲ್ಯಾಪ್‌ಟಾಪಿನಲ್ಲಾಗಲಿ ಅಂಗಡಿಯ ಹೆಸರು ಹೊಡೆದರೆ ಅಂಗಡಿಯ ಪುಟವೇ ಬರುತ್ತಿಲ್ಲ. ಪೆಟ್ಟಿಗೆಯದೇ ಒಂದು ಪುಟ ಬಂದು, ನೀನು ಯಾರು, ಪಾಸ್‌ವರ್ಡ್ ಏನು ಎಂದು ಪೊಲೀಸರ ಹಾಗೆ ಕೇಳುತ್ತಿದೆ. ಬೀಗದಣ್ಣ ಎದುರಿನ ಕಂಪ್ಯೂಟರ್ ರಿಪೇರಿಯವನನ್ನು ಕರೆತಂದ. ಬೀದಿಯವರು ಅವನನ್ನು ಪೆಟ್ಟಿಗೆ ಡಾಕ್ಟರು ಎನ್ನುತ್ತಿದ್ದರು. ಅವನು ಮಂಚದ ಕೆಳಗೆ ತೂರಿ ಹೊರಬಂದು, ಮೊಣಕಾಲು ಝಾಡಿಸಿಕೊಂಡ.

“ಮಂಚದ ಕೆಳಗಿನದು ಗಟ್ಟಿಮುಟ್ಟಾಗಿದೆ ಬೀಗದಣ್ಣ. ನೋಡಿ, ನಿಮ್ಮ ಅಂಗಡಿ ಕಂಪ್ಯೂಟರು ಈ ಪುಟ ನೋಡ್ಬೇಕಂದ್ರೆ ಮನೆಯಿಂದ ಆಚೆ ಹೊರಟು, ತಿರುಗಿ ಬಂದು, ನಮ್ಮದೇ ಮುಂಬಾಗಿಲು ತಟ್ಟುತ್ತೆ. ಹಳೇ ಪೆಟ್ಟಿಗೆ ‘ಓ, ಮನೆಯವರೇ’ ಅಂತ ಒಳಗೆ ಬಿಡ್ತಿತ್ತು. ಹೊಸದಕ್ಕೆ ಆ ಬುದ್ಧಿ ಕೊಟ್ಟಿಲ್ಲ. ಒಳಗಿರೋನು ಹೊರಗಿನ ಬಾಗಿಲು ಯಾಕೆ ತಟ್ತಾನೆ ಅಂತ ಅದಕ್ಕೆ ತಲೆ ಕೆಟ್ಟಿದೆ.”

“ನನಗೂ ಕೆಡ್ತಾ ಇದೆ. ದಾರಿ ಹೇಳಿ.”

“ಅಂಗಡಿ ಕಂಪ್ಯೂಟರಿಗೂ ಹಾಸಿಗೇಲಿರೋ ಅಕ್ಕನ ಲ್ಯಾಪ್‌ಟಾಪಿಗೂ ಒಂದೊಂದು ಸಾಲು ಬರೆದುಬಿಡ್ತೀನಿ. ಅಂಗಡಿ ಹೆಸರು ಕೇಳಿದ್ರೆ ಆಚೆ ಹೋಗ್ಲೇಬೇಡ, ಸೀದಾ ಮಂಚದ ಕೆಳಗೆ ನುಗ್ಗು ಅಂತ.”

ಬರೆದ. ಪುಟ ಎರಡರಲ್ಲೂ ತೆರೆಯಿತು. ಹೆಂಡತಿ ಹಾಸಿಗೆಯಿಂದಲೇ ಅವನಿಗೆ ಕೈಮುಗಿದಳು. ಹೊರಡುವಾಗ ಪೆಟ್ಟಿಗೆ ಡಾಕ್ಟರು ಬಾಗಿಲಲ್ಲಿ ನಿಂತ.

“ಇದು ಒಳಗಿನವರಿಗಾಯ್ತು. ಹೊರಗಿಂದ ಬಂದೋರಿಗೆ ಮಂಚದ ದಾರಿ ತೋರಿಸೋ ಅಪ್ಪಣೆ ಹಳೇ ಪೆಟ್ಟಿಗೆಲಿತ್ತು, ಅದರ ಜೊತೆಗೇ ಸುಟ್ಟುಹೋಯ್ತು. ಹೊಸದಕ್ಕೆ ಅದನ್ನ ಕಂಪನಿಯವರೇ ಬರೀಬೇಕು, ನನ್ನ ಕೈಲಿಲ್ಲ. ಫೋನ್ ಮಾಡಿ ಹೇಳಿ. ಆಮೇಲೆ ಆಚೆ ಎಲ್ಲಾದ್ರೂ ಹೋಗಿ, ಬೇರೆಯವರ ಫೋನಲ್ಲಿ ಒಂದ್ಸಲ ತೆಗೆದು ನೋಡಿ.”

“ಹೊರಗಿಂದ ನೋಡೋದನ್ನ ನನಗೇ ಹೇಳಿಕೊಡ್ತೀರಾ ಡಾಕ್ಟ್ರೇ?” ಎಂದು ಬೀಗದಣ್ಣ ನಕ್ಕ. ಡಾಕ್ಟರೂ ನಕ್ಕ.

ಬೀಗದಣ್ಣ ಕಂಪನಿಗೆ ಫೋನ್ ಮಾಡಿದ. ಒಬ್ಬ ಹುಡುಗಿ, “ಇವತ್ತೇ ಮಾಡ್ತೀವಿ ಸರ್” ಎಂದಳು. ಮರುದಿನ ಅವನು ಅಂಗಡಿಯಲ್ಲಿ ಕುಳಿತು ಪುಟ ತೆಗೆದ. ತೆರೆಯಿತು. ನಿನ್ನೆಯೂ ತೆರೆದಿತ್ತೆಂಬುದು ಅವನಿಗೆ ಹೊಳೆಯಲಿಲ್ಲ. ಕಂಪನಿಗೆ ಮತ್ತೆ ಫೋನ್ ಮಾಡಿ ಧನ್ಯವಾದ ಹೇಳಿದ. ಆ ಹುಡುಗಿಗೆ ಧನ್ಯವಾದ ಕೇಳಿ ಅಭ್ಯಾಸವಿರಲಿಲ್ಲ ಪಾಪ; ಏನೋ ಮಾಡಿದ್ದೇವೆಂದೇ ನಂಬಿಕೊಂಡಳು. ಬೀಗದಣ್ಣನ ಫೋನು ಬರೀ ಗುಂಡಿಗಳದು, ಮಾತಾಡಲು ಬಿಟ್ಟು ಬೇರೇನಕ್ಕೂ ಬಾರದ್ದು. ಬೇರೆಯವರ ಫೋನು ಕೇಳುವುದು ಇವತ್ತು ನಾಳೆ ಎಂದು ಮುಂದೆ ಹೋಗಿ, ಕೊನೆಗೆ ತಲೆಯಿಂದಲೇ ಹೋಯಿತು. ತೆರೆಯುತ್ತಿರುವುದನ್ನು ಇನ್ನೇನು ನೋಡುವುದು?

ಹೆಂಡತಿ ಈಗ ದಿನವೂ ಬರೆಯುತ್ತಿದ್ದಳು. ಬೀಗ ನೋಡಿಯೂ ಮಗಳು ಬಾರದಿದ್ದಾಗ ಹಟ ಸಡಿಲವಾಗಿ ಕಾಯಿಲೆಯನ್ನೂ ಬರೆದಳು. ಪಕ್ಕದ ಮನೆಯ ಜಗಳ ಎಲ್ಲಿಗೆ ಬಂತು ಎಂದು ಬರೆದಳು. ಕೂದಲು ಉದುರಿದ್ದನ್ನು ಬರೆದು, ‘ಈಗ ನಾನು ನಿನ್ನ ಅಪ್ಪನಿಗೆ ಜೋಡಿಯಾದೆ’ ಎಂದು ಸೇರಿಸಿದಳು. ಮಂಚದ ಕೆಳಗಿನ ಗುರುಗುಟ್ಟುವಿಕೆ ಮೊದಲು ಅವಳ ನಿದ್ದೆ ಕೆಡಿಸುತ್ತಿತ್ತು. ಈಗ ಅದಿಲ್ಲದೆ ನಿದ್ದೆ ಬಾರದು. ಎಣಿಕೆಯೋ, ಏರುತ್ತಲೇ ಇತ್ತು.

“ಇವತ್ತು ಬೆಳಿಗ್ಗೇನೇ ಬಂದು ಹೋಗಿದ್ದಾಳೆ ರೀ. ಮಧ್ಯಾಹ್ನ ಇನ್ನೊಂದ್ಸಲ.”

“ನೀನೇ ತೆಗೆದು ತೆಗೆದು ನೋಡಿರ್ತೀಯ.”

“ನಾನು ತೆಗೆಯೋದು ದಿನಕ್ಕೆ ಒಂದೇ ಸಲ” ಎಂದಳು ಅವಳು ಬಿಗಿಯಾಗಿ.

ಅದು ಸುಳ್ಳು. ಗಂಡ ಗೇಲಿ ಮಾಡುತ್ತಾನೆಂಬ ನಾಚಿಕೆಗೆ ಹೇಳಿದ ಸುಳ್ಳು. ಅವನೂ ಕಡಿಮೆಯಿರಲಿಲ್ಲ. ಹೋದೋಳು ಹೋದಳು ಎಂದು ಒಂದು ಕಾಲಕ್ಕೆ ಬೀದಿಗೆಲ್ಲ ಕೇಳುವಂತೆ ಹೇಳಿದ್ದವನು, ಗಿರಾಕಿ ಮೆಟ್ಟಿಲಿಳಿದ ಕೂಡಲೆ ಪುಟ ತೆಗೆದು ತಳಕ್ಕೆ ಓಡುತ್ತಿದ್ದ. ತಾನು ತೆರೆದಷ್ಟನ್ನು ಕಳೆದು, ಹೆಂಡತಿಯದೊಂದನ್ನು ಕಳೆದು, ಉಳಿದದ್ದು ಮಗಳದೆಂದು ಎದೆಗೆ ಹಾಕಿಕೊಳ್ಳುತ್ತಿದ್ದ. ಪರದೆಯ ಆ ಕಡೆ ಅವಳೂ ಹಾಗೇ. ಅಂಗಡಿಯಲ್ಲಿ ಗಂಡ ಇಣುಕುತ್ತಿರಬಹುದೆಂದು ಅವಳು ಕನಸಿನಲ್ಲೂ ನೆನೆಸಲಿಲ್ಲ.

ಹೀಗಿರುವಾಗ ಒಂದು ದಿನ ಬೀಗದಣ್ಣ ಒಂದು ಎತ್ತರದ ಕಟ್ಟಡದಲ್ಲಿ ಟೀಚರೊಬ್ಬರ ಮನೆಗೆ ಬೀಗ ಕೂರಿಸುತ್ತಿದ್ದ. ಎಂದಿನಂತೆ ಅವರನ್ನು ಒಳಗೆ ಬಿಟ್ಟು, ಹೊರಗೆ ನಿಂತು, ಕೀಲಿಗಳನ್ನೆಲ್ಲ ತಿರುಗಿಸಿ ನೋಡಿದ. ಟೀಚರು ಬಾಗಿಲಿಗೆ ಬಂದು, ಮನೆಯವರು ಹೇಗಿದ್ದಾರೆ ಎಂದು ವಿಚಾರಿಸಿದರು. ಅವನು ಅಪರೂಪಕ್ಕೆ ಬಾಯಿ ಬಿಟ್ಟು ಪುಟದ ಕಥೆ ಹೇಳಿದ. ಟೀಚರ ಕಣ್ಣು ತೇವವಾಯಿತು. ನಾನೂ ಓದುತ್ತೇನೆ ಎಂದು ಅಲ್ಲೇ ಫೋನಿನಲ್ಲಿ ಹೆಸರು ಹೊಡೆದರು.

“ತೆರೀತಿಲ್ವಲ್ಲ ಬೀಗದಣ್ಣ.”

“ಹೆಸರು ತಪ್ಪು ಹೊಡೆದಿದ್ದೀರಾ ಮೇಡಂ. ಕೊಡಿ ಇಲ್ಲಿ.”

ತಾನೇ ಹೊಡೆದ. ಫೋನಿನ ಮೇಲೆ ಒಂದು ಚಕ್ರ ಸುತ್ತಿತು, ಸುತ್ತಿತು, ನಿಂತಿತು. ಪುಟ ಸಿಗುತ್ತಿಲ್ಲ ಎಂದಿತು. ಮತ್ತೆ ಹೊಡೆದ. ಬೆರಳಿನ ಹಿತ್ತಾಳೆಪುಡಿ ಗಾಜಿಗೆ ಅಂಟಿತು. ಟೀಚರು ಹೊಸ ಬಾಗಿಲ ಒಳಗಿದ್ದರು, ಅವನು ಹೊರಗಿದ್ದ, ಕೈಯಲ್ಲಿ ಕೀಲಿಗೊಂಚಲಿತ್ತು. ಮೆಟ್ಟಿಲ ಕಟ್ಟೆಯ ಮೇಲೆ ಕುಳಿತುಬಿಟ್ಟ. ನೀರು ಬೇಕಾ ಎಂದು ಅವರು ಕೇಳಿದ್ದು, ತಾನು ಬೇಡವೆಂದದ್ದು, ಯಾವುದೂ ಅವನಿಗೆ ಆಮೇಲೆ ನೆನಪಿರಲಿಲ್ಲ. ಕೂಲಿ ಕೇಳುವುದನ್ನು ಮರೆತು ಬಂದದ್ದು ಅವನ ಆಯುಷ್ಯದಲ್ಲಿ ಅದೇ ಮೊದಲು.

ಮನೆಗೆ ಬಂದಾಗ ಹೆಂಡತಿಯ ಮುಖ ಅರಳಿತ್ತು. “ಇವತ್ತು ಶಟರ್ ತೆಗೆಯೋ ಹೊತ್ತಿಗೇ ಬಂದಿದ್ದಳು ರೀ.”

ಶಟರ್ ತೆಗೆದ ಕೂಡಲೆ ಪುಟ ತೆರೆದಿದ್ದು ತಾನೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. “ಹೌದಾ” ಎಂದ.

ಪೆಟ್ಟಿಗೆ ಡಾಕ್ಟರು ಈ ಸಲ ತಾನೇ ಕಂಪನಿಯವರ ಜೊತೆ ಗುದ್ದಾಡಿ ಆ ಅಪ್ಪಣೆ ಬರೆಸಿದ. ಇಬ್ಬರೂ ಬೀದಿಯ ತುದಿಗೆ ಹೋಗಿ ಡಾಕ್ಟರ ಫೋನಿನಲ್ಲಿ ತೆಗೆದರು. ಪುಟ ಬಂತು. ಹೆಂಡತಿ ಬರೆದ ಸಾಲುಗಳೆಲ್ಲ ಮೇಲಿನಿಂದ ಕೆಳಗೆ ನಿಂತಿದ್ದವು, ತಿಂಗಳುಗಟ್ಟಲೆಯವು.

“ಅವತ್ತು ಹೊರಗಿಂದ ನೋಡಿರ್ಲಿಲ್ವಾ ಬೀಗದಣ್ಣ?” ಎಂದು ಡಾಕ್ಟರು ಮೆಲ್ಲಗೆ ಕೇಳಿದ. ಬೀಗದಣ್ಣ ಫೋನನ್ನು ಅವನ ಕೈಗಿಟ್ಟು ನಡೆದ.

ಇನ್ನು ಎಣಿಕೆ ಸುಳ್ಳು ಹೇಳಬಾರದೆಂದು ಅವನು ಪುಟ ತೆಗೆಯುವುದನ್ನೇ ಬಿಟ್ಟ. ಬಿಟ್ಟದ್ದರ ಫಲ ಬೇಗ ಕಾಣಿಸಿತು.

“ಇವತ್ತು ಬರ್ಲಿಲ್ಲ ರೀ.”

“ಕೆಲಸ ಇರುತ್ತೆ.”

ಮಾರನೆಯ ದಿನ, “ಇವತ್ತೂ ಇಲ್ಲ. ನಾನೇನಾದ್ರೂ ಬರೀಬಾರದ್ದು ಬರೆದ್ನಾ?” ಅವಳು ತನ್ನ ಸಾಲುಗಳನ್ನೇ ಹಿಂದಿನಿಂದ ಓದುತ್ತ, ಯಾವ ಮಾತು ಮಗಳಿಗೆ ಚುಚ್ಚಿರಬಹುದೆಂದು ಹುಡುಕುತ್ತಿದ್ದಳು. ತಟ್ಟೆಗೆ ಹಾಕಿದ್ದು ಹಾಕಿದಂತೆಯೇ ಇತ್ತು. ಜಗಳದ ಸುದ್ದಿ ಬರೆದದ್ದು ತಪ್ಪಾಯಿತೆಂದು ಅಳಿಸಿದಳು. ಅಪ್ಪನ ಬೋಳುತಲೆಯ ತಮಾಷೆಯನ್ನೂ ಅಳಿಸಿದಳು.

ಬೀಗದಣ್ಣ ಅಂಗಡಿಯಲ್ಲಿ ಕುಳಿತು ಪುಟ ತೆಗೆದ. ಮುಚ್ಚಿದ. ಮತ್ತೆ ತೆಗೆದ. ಮಾಲೀಕರಿಗೆ ಗೊತ್ತಾಗದಂತೆ ಕೀಲಿ ಮಾಡಿಕೊಡು ಎಂದು ಬಂದ ಎಷ್ಟೋ ಜನರನ್ನು ಬೈದು ಅಟ್ಟಿದವನು ಈಗ ಸ್ವಂತ ಮಗಳ ಬರುವಿಕೆಯ ನಕಲು ಮಾಡುತ್ತ ಕುಳಿತ. ಪರದೆಯಾಚೆಯಿಂದ, “ಬಂದ್ಳು ರೀ!” ಎಂಬ ಕೂಗು ಕೇಳಿಸಿತು. ಅವನು ಕೀಲಿಗೆ ಹಲ್ಲು ಕೊರೆಯುವ ಯಂತ್ರವನ್ನು ಸುಮ್ಮನೆ ಓಡಿಸಿದ, ಸದ್ದಾಗಲೆಂದು.

ಹೆಂಡತಿ ತೀರಿಹೋದದ್ದು ಒಂದು ಮಧ್ಯಾಹ್ನ, ಲ್ಯಾಪ್‌ಟಾಪು ಮಗ್ಗುಲಲ್ಲಿದ್ದ ಹಾಗೇ. ಆ ದಿನ ಅವನು ಭಯಕ್ಕೆ ಲೆಕ್ಕ ತಪ್ಪುವಷ್ಟು ಸಲ ಪುಟವನ್ನು ತೆರೆದಿದ್ದ. ಅವಳು ಬರೆದ ಕೊನೆಯ ಸಾಲು ಹೀಗಿತ್ತು: ‘ಇವತ್ತು ತುಂಬಾ ಸಲ ಬಂದಿದ್ದೀಯ. ಸುಸ್ತಾಗುತ್ತೆ ಕಂದ, ಹೋಗಿ ಮಲಗು.’

ಅದರ ಕೆಳಗೆ ಬೀಗದಣ್ಣ ಏನನ್ನೂ ಬರೆಯಲಿಲ್ಲ. ಹಾಸಿಗೆಯನ್ನು ಸುತ್ತಿಟ್ಟ. ಮಂಚದ ಕೆಳಗಿನದು ಗುರುಗುಟ್ಟುತ್ತಲೇ ಇತ್ತು. ಅದನ್ನು ನಿಲ್ಲಿಸಲು ಧೈರ್ಯ ಬರಲಿಲ್ಲ. ಪುಟವನ್ನು ದಿನಕ್ಕೊಮ್ಮೆ ತೆಗೆಯುತ್ತಿದ್ದ. ಎಣಿಕೆ ಅವನೊಬ್ಬನಿಗಾಗಿ ಒಂದೊಂದೇ ಏರುತ್ತಿತ್ತು, ತೂಕದಲ್ಲಿ ಮೋಸ ಮಾಡಲು ಬಾರದ ಅಂಗಡಿಯವನಂತೆ.

ಒಂದು ಬೆಳಿಗ್ಗೆ ನೋಡಿದರೆ ಹೆಚ್ಚು ಏರಿತ್ತು. ‘ಇವಳು ನೋಡಿರಬೇಕು’ ಎಂದುಕೊಂಡು ಪರದೆಯ ಕಡೆ ತಿರುಗಿದ. ತಿರುಗಿದ ಮೇಲೆ ನೆನಪಾಯಿತು. ಹಾಗಾದರೆ ಇನ್ನು ಯಾರು ಎಂದು ಕೇಳಿಕೊಳ್ಳಲು ಅವನಿಗೆ ಹೆದರಿಕೆಯಾಯಿತು.

ಮರುದಿನ ಓಣಿಯ ಬಾಗಿಲಲ್ಲಿ ಕೀಲಿ ಹೊಕ್ಕ ಸದ್ದಾಯಿತು. ಅಂಗಡಿಯಲ್ಲಿದ್ದ ಬೀಗದಣ್ಣನ ಕೈ ನಿಂತಿತು. ಕೀಲಿ ತಿಣುಕಲಿಲ್ಲ. ಸರಾಗವಾಗಿ ಹೊರಳಿತು.

“ಅಮ್ಮಾ” ಎಂದು ಕರೆದದ್ದು ಕೇಳಿಸಿತು. ಸ್ವಲ್ಪ ತಡೆದು ಇನ್ನೊಮ್ಮೆ, “ಅಮ್ಮಾ?”

ಅವನು ಪರದೆ ಸರಿಸಿದಾಗ ಇಣುಕಿ ಬರಿ ಮಂಚದ ಪಕ್ಕ ನಿಂತು, ಸುತ್ತಿಟ್ಟ ಹಾಸಿಗೆಯನ್ನು ನೋಡುತ್ತಿದ್ದಳು. ಭುಜದ ಚೀಲವನ್ನು ಇನ್ನೂ ಇಳಿಸಿರಲಿಲ್ಲ.

“ಯಾವಾಗ?”

ಅವನು ಹೇಳಿದ. ಅವಳು ಮಂಚದ ಪಟ್ಟಿಯ ಮೇಲೆ ಕುಳಿತಳು. ಅಳಲಿಲ್ಲ. ಮಾತು ಹೊರಟಾಗ ಬೇರೆ ಯಾರದೋ ವಿಷಯ ಹೇಳುವಂತಿತ್ತು.

“ಹಳೇ ಬೀಗ ಹಾಕಿಸಿದ್ದೀನಿ ಅಂತ ಅಮ್ಮ ಬರೆದಿದ್ದು ಆಗ್ಲೇ ನೋಡಿದ್ದೆ. ರಜಾನೂ ಕೇಳಿದ್ದೆ. ಹೊರಡೋಕೆ ಮುಂಚೆ ಇನ್ನೊಂದ್ಸಲ ಓದೋಣ ಅಂತ ತೆಗೆದ್ರೆ ಪುಟಾನೇ ಇಲ್ಲ. ಮಾರನೇ ದಿನವೂ ಇಲ್ಲ. ಎಷ್ಟು ದಿನ ನೋಡ್ದೆ ಗೊತ್ತಾ? ಅಮ್ಮ ಬರೆದಿದ್ದು ನಿನಗೆ ಗೊತ್ತಾಗಿ, ಮತ್ತೆ ಬೀಗ ಬದಲಾಯಿಸಿದ್ದೀಯ ಅಂದ್ಕೊಂಡೆ. ಆಮೇಲೆ ನೋಡೋದೇ ಬಿಟ್ಟೆ. ಮೊನ್ನೆ ಸುಮ್ನೆ ಕೈ ಹೋಯ್ತು.”

“ಇಲ್ಲಮ್ಮ” ಎಂದ ಬೀಗದಣ್ಣ. “ಪೆಟ್ಟಿಗೆ ಸುಟ್ಟಿತ್ತು. ಹೊಸದು ಹಾಕಿದ್ರು. ನಮಗೆ ತೆರೀತಿತ್ತು. ದಿನಾ ತೆರೀತಿತ್ತು ಕಣಮ್ಮ. ನಾನು ಒಳಗಿಂದಾನೇ ನೋಡ್ತಿದ್ದೆ.”

ಅವಳು ತಲೆಯೆತ್ತಿ ಅಪ್ಪನ ಮುಖವನ್ನು ನೋಡಿದಳು. ಕಂಪ್ಯೂಟರ್ ಓದಿದವಳು, ಅಷ್ಟು ಮಾತಿಗೇ ಅವಳಿಗೆ ಎಲ್ಲ ಅರ್ಥವಾಗಿತ್ತು. ಒಂದನ್ನು ಬಿಟ್ಟು.

“ಕೊನೇವರೆಗೂ ಓದ್ದೆ. ತುಂಬಾ ಸಲ ಬಂದಿದ್ದೀಯ, ಹೋಗಿ ಮಲಗು ಅಂತ ಬರೆದಿದ್ದಾಳೆ. ಯಾರಿಗಪ್ಪಾ ಅದು? ನಾನು ಬಂದಿರ್ಲಿಲ್ವಲ್ಲ.”

“ನನಗೆ” ಎಂದ ಅವನು. “ಅವಳಿಗದು ಗೊತ್ತಿರ್ಲಿಲ್ಲ.”

ಇಣುಕಿ ಚೀಲ ಇಳಿಸಿ, ನೆಲಕ್ಕೆ ಮೊಣಕಾಲೂರಿ, ಗುರುಗುಟ್ಟುತ್ತಿದ್ದ ಕತ್ತಲೆಗೆ ತಲೆ ಬಗ್ಗಿಸಿದಳು. ಬೀಗದಣ್ಣ ಒಳಗೆ ಬರಲಾರದೆ, ಹೊರಗೂ ಹೋಗಲಾರದೆ ಪರದೆ ಹಿಡಿದುಕೊಂಡು ನಿಂತಿದ್ದ. ಮಂಚದ ಕೆಳಗೆ ಯಾರೂ ಕಸ ಗುಡಿಸಿರಲಿಲ್ಲ.